ಅಣ್ಣನ ಬೆನ್ನು ಮನೆಯಲ್ಲೇ ಅಳೆಯುವ ಕೆಲಸ: ಇಲ್ಲಿಯವರೆಗೆ ಎಷ್ಟಾಯ್ತು

ನನ್ನ ಅಣ್ಣನಿಗೆ ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಇದೆ. ಬೆನ್ನುಮೂಳೆಗೆ ಬರುವ ಸಂಧಿವಾತ. ಅವನ ಕಾಫಿ ತೋಟ ಸೋಮವಾರಪೇಟೆ ಹತ್ತಿರ, ಅವನನ್ನು ನೋಡುವ ಡಾಕ್ಟರ್ ಮೈಸೂರಿನಲ್ಲಿ, ನಾನಿರುವುದು ಕುಶಾಲನಗರದಲ್ಲಿ. ನನ್ನದು ಇನ್ವರ್ಟರ್ ರಿಪೇರಿ ಕೆಲಸ. ಬಿಡುವಾದಾಗ ಸೆನ್ಸರ್, ಸಣ್ಣ ಬೋರ್ಡು ಇಟ್ಟುಕೊಂಡು ಏನಾದರೂ ಮಾಡುತ್ತಿರುತ್ತೇನೆ. ಅಣ್ಣನ ಬೆನ್ನು ಎಷ್ಟು ಬಾಗುತ್ತದೆ, ಕತ್ತು ಎಷ್ಟು ತಿರುಗುತ್ತದೆ ಅಂತ ಅವನ ಮನೆಯಲ್ಲೇ ಅಳೆದು ಡಾಕ್ಟರಿಗೆ ಮುಟ್ಟಿಸಬೇಕು. ಈ ವರ್ಷ ಹಿಡಿದಿರುವ ಕೆಲಸ ಇದು.

ಈ ಕಾಯಿಲೆಯ ಗುಣವೇ ಬೇರೆ. ಸುಮ್ನೆ ಕೂತರೆ ಬೆನ್ನು ಸೆಟೆದುಕೊಳ್ಳುತ್ತದೆ, ಓಡಾಡಿದರೆ ಸಡಿಲವಾಗುತ್ತದೆ. ಬೆಳಗ್ಗೆ ಬಿಗಿತ ಜಾಸ್ತಿ, ಹೊತ್ತು ಏರಿದಂತೆ ಕಡಿಮೆ. ಅಣ್ಣ ಮುಂಜಾನೆ ಎದ್ದು ಬಸ್ಸು ಹತ್ತುತ್ತಾನೆ. ಗಂಟೆಗಟ್ಟಲೆ ಸೀಟಿನಲ್ಲಿ ಕೂರುತ್ತಾನೆ. ಆಸ್ಪತ್ರೆಯಲ್ಲಿ ಮತ್ತೆ ಬೆಂಚಿನ ಮೇಲೆ ಕಾಯುತ್ತಾನೆ. ಆಮೇಲೆ ಡಾಕ್ಟರ ಮುಂದೆ ಬಗ್ಗಿ ತೋರಿಸುತ್ತಾನೆ. ಫೈಲಿಗೆ ಹೋಗುವುದು ಆ ಒಂದು ಗಳಿಗೆಯ ಅಳತೆ. ತೋಟದಲ್ಲಿ ಚಿಗುರು ತೆಗೆದು ಬಂದ ಸಂಜೆ ಅದೇ ಬೆನ್ನು ಬೇರೆ ರೀತಿ ಬಾಗುತ್ತದೆ. ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ, ಒಂದೇ ರೀತಿಯಲ್ಲಿ ತಿಂಗಳುಗಟ್ಟಲೆ ತೆಗೆದ ಅಳತೆ ಇದ್ದರೆ ಡಾಕ್ಟರಿಗೆ ನಿಜವಾದ ಚಿತ್ರ ಸಿಗುತ್ತದೆ. ನನ್ನ ಗುರಿ ಅಷ್ಟೇ.

ಏನನ್ನು ಅಳೆಯುವುದು

ಇದಕ್ಕೆ ದಾರಿ ಆಗಲೇ ಇದೆ. ಇಂಗ್ಲೆಂಡಿನ ಬಾತ್ ಊರಿನ ವೈದ್ಯರು 1994ರಲ್ಲಿ ಐದು ಅಳತೆಗಳ ಒಂದು ಕ್ರಮ ಮಾಡಿಟ್ಟಿದ್ದಾರೆ, ಹೆಸರು ಬಾಸ್ಮಿ. ಗೋಡೆಗೆ ಒರಗಿ ನಿಂತಾಗ ಕಿವಿಯಿಂದ ಗೋಡೆಗೆ ಎಷ್ಟು ದೂರ, ಪಕ್ಕಕ್ಕೆ ಎಷ್ಟು ವಾಲಬಹುದು, ಸೊಂಟದ ಭಾಗ ಮುಂದಕ್ಕೆ ಎಷ್ಟು ಬಾಗುತ್ತದೆ, ಕತ್ತು ಎಷ್ಟು ತಿರುಗುತ್ತದೆ, ಕಾಲು ಎಷ್ಟು ಅಗಲಿಸಬಹುದು. ಕಿವಿ ಮತ್ತು ಗೋಡೆಯ ನಡುವೆ 15 ಸೆಂ.ಮೀ.ಗಿಂತ ಕಡಿಮೆ ಇದ್ದರೆ ತೊಂದರೆ ಕಡಿಮೆ, 30 ದಾಟಿದರೆ ತೀವ್ರ. ಕತ್ತಿಗೆ 70 ಡಿಗ್ರಿಗಿಂತ ಹೆಚ್ಚು ಇದ್ದರೆ ಒಳ್ಳೆಯದು, 20ಕ್ಕಿಂತ ಕೆಳಗೆ ಹೋದರೆ ಗಂಭೀರ. ಆಸ್ಪತ್ರೆಯಲ್ಲಿ ಟೇಪು, ಕೋನಮಾಪಕ ಹಿಡಿದ ಫಿಸಿಯೋ ಇರುತ್ತಾರೆ. ಮನೆಯಲ್ಲಿ ಇರುವುದು ಅತ್ತಿಗೆ ಒಬ್ಬರೇ. ಅವರು ಒಬ್ಬರೇ ಮಾಡಲು ಆಗುವಂತೆ ಎಲ್ಲವನ್ನೂ ಹೊಂದಿಸಬೇಕು.

ಫೆಬ್ರವರಿ, ಕೊಯ್ಲು ಮುಗಿದ ಮೇಲೆ

ಮೊದಲು ಮೊಬೈಲ್ ಕ್ಯಾಮೆರಾದಿಂದ ಶುರು ಮಾಡಿದೆ. ಗೂಗಲ್‌ನ ಮೀಡಿಯಾಪೈಪ್ ಅನ್ನುವ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ವಿಡಿಯೋದಲ್ಲಿ ಮೈಮೇಲಿನ 33 ಬಿಂದುಗಳನ್ನು ಅದು ಗುರುತಿಸುತ್ತದೆ. ಇಂಟರ್ನೆಟ್ ಇಲ್ಲದಿದ್ದರೂ ಫೋನಿನಲ್ಲೇ ಓಡುತ್ತದೆ. ನಮ್ಮ ಕಡೆಯ ನೆಟ್‌ವರ್ಕ್ ಗೊತ್ತಿದ್ದವರಿಗೆ ಇದು ಎಷ್ಟು ದೊಡ್ಡ ಅನುಕೂಲ ಅಂತ ತಿಳಿಯುತ್ತದೆ. ವಿಡಿಯೋ ಅಣ್ಣನ ಫೋನ್ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಅಂಗಿ ಬಿಚ್ಚಿ ನಿಂತ ವಿಡಿಯೋ ಯಾರ ಯಾರ ಕೈಗೋ ಸಿಗಬಾರದು, ಅಲ್ವಾ? ನನಗೆ ಬರುವುದು ಅಂಕಿಗಳು ಮಾತ್ರ.

ಪಕ್ಕಕ್ಕೆ ವಾಲುವ ಅಳತೆ ಇದರಲ್ಲಿ ಚೆನ್ನಾಗಿ ಬಂತು. ಕೈ, ಭುಜ, ಸೊಂಟ ಎಲ್ಲ ಎದುರಿಗೇ ಕಾಣುತ್ತವೆ. ಫೋನನ್ನು ಸೊಂಟದ ಎತ್ತರಕ್ಕೆ, ಸಾಕಷ್ಟು ದೂರದಲ್ಲಿ ಸ್ಟೂಲಿನ ಮೇಲೆ ನಿಲ್ಲಿಸಬೇಕು. ಹತ್ತಿರ ಇಟ್ಟರೆ ಲೆನ್ಸ್ ಅಂಚಿನಲ್ಲಿ ಎಳೆದಂತಾಗುತ್ತದೆ.

ಕಿವಿ ಮತ್ತು ಗೋಡೆಯ ಅಳತೆಗೆ ಒಂದು ಫೋಟೋ ಸಾಕು, ಆದರೆ ಸ್ಕೇಲು ಕಿವಿಯ ನೇರಕ್ಕೇ ಇರಬೇಕು. ಹಿಂದೆಯೋ ಮುಂದೆಯೋ ಹಿಡಿದರೆ ಲೆಕ್ಕ ತಪ್ಪುತ್ತದೆ. ಗೋಡೆಯ ಬುಡದಲ್ಲಿ ಸ್ಕರ್ಟಿಂಗ್ ಟೈಲ್ಸ್ ಇದ್ದರೆ ಹಿಮ್ಮಡಿ ಗೋಡೆಗೆ ತಾಗುವುದೇ ಇಲ್ಲ. ಹಾಗಾಗಿ ಟೈಲ್ಸ್ ಇಲ್ಲದ ಉಗ್ರಾಣದ ಗೋಡೆ ಆರಿಸಿಕೊಂಡೆವು. ಈಗ ಅದೇ ಕಾಯಂ ಜಾಗ.

ಮಾರ್ಚ್, ಕತ್ತು

ಕುಳಿತು ತಲೆ ತಿರುಗಿಸಿದರೆ ಫೋನಿಗೆ ಕೋನ ಸರಿಯಾಗಿ ಗೊತ್ತಾಗುವುದಿಲ್ಲ. ತಲೆ ತಿರುಗುವ ಅಕ್ಷ ನೆಟ್ಟಗೆ ಮೇಲಕ್ಕಿರುತ್ತದೆ. ತಲೆ ಎಷ್ಟು ತಿರುಗಿದರೂ ಗುರುತ್ವದ ದಿಕ್ಕು ಫೋನಿನ ಪಾಲಿಗೆ ಹಾಗೇ ಇರುತ್ತದೆ. ದಿಕ್ಸೂಚಿ ನಂಬೋಣ ಅಂದರೆ ಪಕ್ಕದ ಕಬ್ಬಿಣದ ಬೀರು ಅದನ್ನು ಕೆಡಿಸುತ್ತದೆ. ಅಂಗಾತ ಮಲಗಿದರೆ ಅದೇ ಅಕ್ಷ ಅಡ್ಡವಾಗುತ್ತದೆ. ಆಗ ಗುರುತ್ವವೇ ಕೋನ ಹೇಳುತ್ತದೆ, ಬೀರು ಎಲ್ಲಿದ್ದರೂ ಚಿಂತೆಯಿಲ್ಲ. ಹಣೆಗೆ ಎಲಾಸ್ಟಿಕ್ ಪಟ್ಟಿ, ಅದರಲ್ಲಿ ಹಗುರವಾದ ಹಳೆಯ ಫೋನ್. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಆ್ಯಪ್ ಓರೆಯನ್ನು ತೋರಿಸುತ್ತದೆ, ಫೈಲ್ ಆಗಿಯೂ ಕೊಡುತ್ತದೆ. ಇದಕ್ಕೆ ಒಂದು ಪೈಸೆ ಖರ್ಚಾಗಲಿಲ್ಲ. ಇಡೀ ಪ್ರಾಜೆಕ್ಟಿನಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು.

ಏಪ್ರಿಲ್, ಮೇ: ಮುಂದಕ್ಕೆ ಬಾಗುವುದು

ಇಲ್ಲಿಯೇ ಹೆಚ್ಚು ಸಮಯ ಹಿಡಿಯಿತು. ಹಿಡಿಯಬೇಕಾದದ್ದೇ.

ಕಾಲ್ಬೆರಳು ಮುಟ್ಟಿದರೆ ಬೆನ್ನು ಚೆನ್ನಾಗಿದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಿಲ್ಲ. ತೊಡೆ ಸಂದು ಸಡಿಲವಿದ್ದರೆ ಬೆನ್ನು ಹಲಗೆಯ ಹಾಗಿದ್ದರೂ ಕೈ ಬಹಳ ಕೆಳಗೆ ಹೋಗುತ್ತದೆ. ಅಣ್ಣನದು ಹೀಗೇ. ಏಣಿ ಹತ್ತಿ ಮೆಣಸು ಕೊಯ್ಯುವ ಕಾಲು ಅವನದು, ತೊಡೆ ಸಂದು ಚೆನ್ನಾಗಿ ಸಡಿಲವಾಗಿದೆ. ಮೀಡಿಯಾಪೈಪ್‌ಗೆ ಭುಜ ಗೊತ್ತು, ಸೊಂಟ ಗೊತ್ತು. ನಡುವಿನ ಬೆನ್ನಿನ ಮೇಲೆ ಅದಕ್ಕೆ ಒಂದೂ ಬಿಂದು ಇಲ್ಲ. ಬಾಗಿದ್ದು ಬೆನ್ನೋ ತೊಡೆ ಸಂದೋ ಅಂತ ಅದು ಹೇಳಲಾರದು.

ಹಳೆಯ ವೈದ್ಯರಿಗೆ ಇದು ಗೊತ್ತಿತ್ತು. ಷೋಬರ್ 1937ರಲ್ಲಿ ಹೇಳಿದ ಉಪಾಯ ಈಗಲೂ ನಡೆಯುತ್ತಿದೆ. ಸೊಂಟದ ಹಿಂದೆ ಎರಡು ಗುಳಿಗಳಿವೆಯಲ್ಲ, ಅವುಗಳ ಮಟ್ಟದಲ್ಲಿ ಒಂದು ಗುರುತು, 10 ಸೆಂ.ಮೀ. ಮೇಲೆ ಇನ್ನೊಂದು. 1969ರಲ್ಲಿ ಇದನ್ನು ತಿದ್ದಿ, ಕೆಳಗೆ 5 ಸೆಂ.ಮೀ. ದೂರದಲ್ಲೂ ಒಂದು ಗುರುತು ಸೇರಿಸಿದರು. ಬಾಗಿದಾಗ ಗುರುತುಗಳ ನಡುವಿನ ದೂರ ಎಷ್ಟು ಬೆಳೆಯಿತು ಅನ್ನುವುದೇ ಅಳತೆ. ಬೆನ್ನು ಬಾಗದಿದ್ದರೆ ಚರ್ಮ ಹಿಗ್ಗುವುದಿಲ್ಲ.

ಇದೇ ತತ್ವವನ್ನು ಎರಡು ಸೆನ್ಸರಿಗೆ ತಂದೆ. ಓರೆ ಅಳೆಯಲು ಎಂಪಿಯು-6050 ಸೆನ್ಸರ್ ಎರಡು, ಅವುಗಳ ಅಂಕಿ ಓದಲು ಇಎಸ್‌ಪಿ32 ಅನ್ನುವ ಸಣ್ಣ ಬೋರ್ಡು ಒಂದು. ಒಂದು ಸೆನ್ಸರಿನ ಎಡಿ0 ಪಿನ್ನಿಗೆ 3.3 ವೋಲ್ಟ್ ಕೊಟ್ಟರೆ ಅದರ ವಿಳಾಸ ಬದಲಾಗುತ್ತದೆ, ಎರಡೂ ಅದೇ ತಂತಿಯಲ್ಲಿ ಮಾತಾಡುತ್ತವೆ. ಕೆಳಗಿನದು ಗುಳಿಗಳ ಮಟ್ಟದಲ್ಲಿ, ಮೇಲಿನದು ಕೊನೆಯ ಪಕ್ಕೆಲುಬು ಬೆನ್ನುಮೂಳೆಗೆ ಸೇರುವಲ್ಲಿ. ಕೆಳಗಿನ ಸೆನ್ಸರಿನ ಓರೆ ತೊಡೆ ಸಂದಿನ ಪಾಲು. ಮೇಲಿನದರಿಂದ ಅದನ್ನು ಕಳೆದರೆ ಉಳಿದದ್ದು ಸೊಂಟದ ಬೆನ್ನಿನ ಪಾಲು. ಎರಡೂ ಬೇರೆ ಬೇರೆ ಸಿಕ್ಕಿದಾಗ ಅಣ್ಣನ ಮುಖದಲ್ಲೇ ಬದಲಾವಣೆ ಕಂಡಿತು. "ಅಂದ್ರೆ ಇಷ್ಟು ದಿನ ನಾನು ಬಗ್ಗಿದ್ದೆಲ್ಲ ಕಾಲಿಂದ್ಲೇ ಮಾರಾಯ" ಅಂದ.

ಸೆನ್ಸರಿನೊಳಗೆ ತಿರುಗುವ ವೇಗ ಅಳೆಯುವ ಗೈರೋ ಇದೆ. ಅದರ ಲೆಕ್ಕ ನಿಧಾನಕ್ಕೆ ಜಾರುತ್ತದೆ, ಹಾಗಾಗಿ ಅದನ್ನು ಬಳಸುವುದನ್ನೇ ಬಿಟ್ಟೆ. ಬಗ್ಗಿ ಸ್ವಲ್ಪ ಹೊತ್ತು ಅಲ್ಲಾಡದೆ ನಿಂತರೆ ಗುರುತ್ವದ ದಿಕ್ಕು ತೋರಿಸುವ ಅಕ್ಸೆಲೆರೋಮೀಟರ್ ಒಂದೇ ಸಾಕು. ನೋವು ಬರುವಷ್ಟು ಬಗ್ಗಬಾರದು ಅಂತ ಡಾಕ್ಟರ್ ಮೊದಲೇ ಹೇಳಿದ್ದಾರೆ, ಅದನ್ನು ಪಾಲಿಸುತ್ತಿದ್ದೇವೆ.

ಸೆನ್ಸರ್ ಪ್ರತಿ ಸಲ ಅದೇ ಜಾಗದಲ್ಲಿ ಕೂರಬೇಕು. ಇದಕ್ಕೆ ಉತ್ತರ ಅತ್ತಿಗೆಯದು. ಅಣ್ಣನ ಬೆನ್ನಿನ ಮೇಲಿರುವ ಒಂದು ಮಚ್ಚೆಯಿಂದ ಟೇಪು ಹಿಡಿದು ಎರಡೂ ಜಾಗಕ್ಕೆ ದೂರ ಬರೆದಿಟ್ಟುಕೊಂಡಿದ್ದಾರೆ. ಯಾವ ಸಾಫ್ಟ್‌ವೇರ್‌ಗಿಂತಲೂ ಇದು ಹೆಚ್ಚು ನೆರವಾಯಿತು.

ಮಳೆಗಾಲ

ಕರೆಂಟ್ ಇಲ್ಲ, ಟವರ್ ಇಲ್ಲ. ಬೋರ್ಡು ಪವರ್ ಬ್ಯಾಂಕಿನಲ್ಲಿ ಓಡುತ್ತದೆ, ಅಂಕಿ ತನ್ನಲ್ಲೇ ಉಳಿಸಿಕೊಂಡು ಬ್ಲೂಟೂತ್‌ನಲ್ಲಿ ಫೋನಿಗೆ ಕೊಡುತ್ತದೆ. ಸಿಗ್ನಲ್ ಬಂದಾಗ ನನಗೆ ತಲುಪುತ್ತದೆ. ಸೆನ್ಸರ್ ಅಂಟಿಸಿದ್ದ ಟೇಪು ತೇವಕ್ಕೆ ಮೇಲೇಳುತ್ತಿತ್ತು. ಈಗ ಅಗಲವಾದ ಎಲಾಸ್ಟಿಕ್ ಪಟ್ಟಿ ಹೊಲಿಸಿದ್ದೇವೆ.

ಡಾಕ್ಟರ್ ನೋಡಿದ್ದು

ವಿಡಿಯೋ ಕರೆಯಲ್ಲಿ ಗ್ರಾಫ್ ತೋರಿಸಿದೆ. ಅವರು ಕೋನ ನೋಡುವ ಮೊದಲು ಎಷ್ಟು ಹೊತ್ತಿಗೆ ಅಳೆದದ್ದು ಅಂತ ಕೇಳಿದರು. ಎಲ್ಲ ಸಂಜೆ, ತೋಟದಿಂದ ಬಂದು ಸ್ನಾನಕ್ಕೆ ಮುಂಚೆ. ಒಂದು ದಿನದ ಏರಿಳಿತ ನೋಡಿ ಔಷಧಿ ಬದಲಿಸುವುದಿಲ್ಲ, ರಕ್ತಪರೀಕ್ಷೆ ಮತ್ತು ನೇರ ತಪಾಸಣೆ ಬೇಕೇ ಬೇಕು ಅಂದರು. ನನಗೂ ಅದೇ ಸರಿ ಅನಿಸುತ್ತದೆ. ಜೊತೆಗೆ ಬೆಳಗಿನ ಬಿಗಿತ ಎಷ್ಟು ಹೊತ್ತು ಇತ್ತು ಅಂತಲೂ ದಿನಾ ಬರೆಯಲು ಹೇಳಿದರು. ಬೋರ್ಡಿಗೆ ಒಂದು ಗುಂಡಿ ಸೇರಿಸಿದೆ. ಅಣ್ಣ ಎದ್ದಾಗ ಒಮ್ಮೆ ಒತ್ತುತ್ತಾನೆ, ಮೈ ಸಡಿಲವಾದಾಗ ಇನ್ನೊಮ್ಮೆ.

ಮುಂದೆ

ಎದೆ ಹಿಗ್ಗುವುದನ್ನು ಅಳೆಯಬೇಕು. ಪಕ್ಕೆಲುಬಿನ ಸಂದುಗಳಿಗೂ ಈ ಕಾಯಿಲೆ ಬರುತ್ತದೆ. ಉಸಿರು ಪೂರ್ತಿ ಎಳೆದಾಗ ಎದೆಯ ಸುತ್ತಳತೆ 2.5 ಸೆಂ.ಮೀ. ಕೂಡ ಹೆಚ್ಚದಿದ್ದರೆ ವೈದ್ಯರು ಗಮನಿಸುತ್ತಾರೆ. ಎಳೆದಾಗ ವಿದ್ಯುತ್ ಪ್ರತಿರೋಧ ಬದಲಾಗುವ ರಬ್ಬರ್ ಹಗ್ಗ ತರಿಸಿದ್ದೇನೆ, ಅದನ್ನು ಟೇಪಿನ ಜೊತೆ ಹೋಲಿಸಿ ನೋಡಬೇಕು. ಡಿಸೆಂಬರಿನಲ್ಲಿ ಕಾಫಿ ಕೊಯ್ಲು ಶುರುವಾದರೆ ಅಣ್ಣನಿಗೂ ಅತ್ತಿಗೆಗೂ ಪುರುಸೊತ್ತು ಇರುವುದಿಲ್ಲ. ಅಷ್ಟರೊಳಗೆ ಎದೆಗೆ ಕಟ್ಟುವ ಪಟ್ಟಿ ಸಿದ್ಧ ಮಾಡಬೇಕು. ಈ ಹಗ್ಗ ಬಳಸಿದವರು ಯಾರಾದರೂ ಇದ್ದರೆ, ಬೆವರು ತಾಗಿದರೆ ಅಳತೆ ಎಷ್ಟು ಬದಲಾಗುತ್ತದೆ ಅಂತ ತಿಳಿಸಿ.