1933ರ ಮೈಸೂರು ಕಾಯಿದೆ: ಹಳೇ ಪಾಲುಪತ್ರದಲ್ಲಿ ಹೆಂಗಸರ ಪಾಲು

ಬೆಂಗಳೂರಿನ ಚಿಕ್ಕಪೇಟೆ, ಬಸವನಗುಡಿ, ಮಲ್ಲೇಶ್ವರದ ಹಳೇ ಸ್ವತ್ತುಗಳ ಮೂಲಪತ್ರ ನೋಡುವವರಿಗೆ 1930–40ರ ದಶಕದ ಪಾಲುಪತ್ರಗಳಲ್ಲಿ ತಾಯಿಗೆ 2/15, ಮದುವೆಯಾಗದ ತಂಗಿಗೆ 1/15 ಎಂಬಂಥ ಭಾಗ ಕಂಡರೆ ಗಾಬರಿ ಬೇಡ. ಲೆಕ್ಕ ಸರಿಯಾಗೇ ಇದೆ. ಅದು ಬಂದಿರುವುದು ಮೈಸೂರು ಸಂಸ್ಥಾನದ 1933ರ 10ನೇ ಕಾಯಿದೆಯಿಂದ, ಅಂದರೆ ಹಿಂದೂ ಕಾನೂನಿನಡಿ ಸ್ತ್ರೀಯರ ಹಕ್ಕುಗಳ ಕಾಯಿದೆಯಿಂದ.

ಆ ಕಾಲಕ್ಕೆ ಇದು ಎಂಥ ಹೆಜ್ಜೆ ಎಂದು ತಿಳಿಯಲು ಹೊರಗಿನ ಕಥೆ ನೋಡಿ. ಇಂಗ್ಲೆಂಡಿನಲ್ಲಿ ಬಾರ್ಬರಾ ಲೀ ಸ್ಮಿತ್ ಮತ್ತು ಜೊತೆಗಾರ್ತಿಯರು ಮದುವೆಯಾದ ಹೆಂಗಸರಿಗೆ ಆಸ್ತಿಹಕ್ಕು ಬೇಕೆಂದು 1856ರಲ್ಲಿ ಸುಮಾರು 26,000 ಸಹಿಗಳ ಅರ್ಜಿಯನ್ನು ಪಾರ್ಲಿಮೆಂಟಿಗೆ ಕೊಟ್ಟರು. ಮದುವೆಯಾದವಳ ದುಡಿಮೆ ಅವಳದೇ ಎಂದು ಕಾನೂನು ಒಪ್ಪಿದ್ದು 1870ರಲ್ಲಿ, ಆಸ್ತಿಯೆಲ್ಲ ಅವಳದೇ ಎಂದದ್ದು 1882ರಲ್ಲಿ. ಬ್ರಿಟಿಷ್ ಇಂಡಿಯಾದ 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯಿದೆ ಹಿಂದೂ, ಮುಸ್ಲಿಂ, ಬೌದ್ಧ, ಸಿಖ್, ಜೈನರನ್ನು 2ನೇ ಕಲಮಿನಲ್ಲೇ ಹೊರಗಿಟ್ಟಿತು. ಅಲ್ಲಿಗೆ ಉಳಿದವರು ಎಷ್ಟು ಜನ, ನೀವೇ ಊಹಿಸಿ. (ಗಂಡ ಹೆಂಡತಿ–ಮಕ್ಕಳಿಗಾಗಿ ಮಾಡಿಸುವ ಜೀವವಿಮೆಗೆ ವಿಮೆ ಏಜೆಂಟರು ಈಗಲೂ ‘ಎಂಡಬ್ಲ್ಯುಪಿ ಪಾಲಿಸಿ’ ಎನ್ನುವುದು ಅದೇ ಕಾಯಿದೆಯ 6ನೇ ಕಲಮಿನಿಂದ. ಆ ಒಂದು ಕಲಮು 1923ರ ತಿದ್ದುಪಡಿಯಿಂದ ಹಿಂದೂಗಳಿಗೂ ಬಂತು.) ಅಖಿಲ ಭಾರತ ಮಹಿಳಾ ಸಮ್ಮೇಳನ ಹೆಂಗಸರ ಕಾನೂನು ತೊಡಕುಗಳ ಬಗ್ಗೆ ದೇಶದಾದ್ಯಂತ ಒಂದು ದಿನ ಆಚರಿಸಿದ್ದು 1934ರ ನವೆಂಬರ್ 24ರಂದು. ನಾಲ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ಅದಕ್ಕೆ ಒಂದು ವರ್ಷ ಮೊದಲೇ ಕಾನೂನು ಮಾಡಿ ಮುಗಿಸಿತ್ತು.

ಇನ್ನು ಪಾಲಿನ ಲೆಕ್ಕ. ಮೈಸೂರು ಕಾಯಿದೆಯ 8ನೇ ಕಲಮಿನ ಪ್ರಕಾರ ಅಣ್ಣತಮ್ಮಂದಿರು ಪಾಲಾಗುವಾಗ ತಾಯಿಗೆ ಒಬ್ಬ ಮಗನ ಪಾಲಿನ ಅರ್ಧ, ಮದುವೆಯಾಗದ ತಂಗಿಗೆ ಒಬ್ಬ ಅಣ್ಣನ ಪಾಲಿನ ಕಾಲುಭಾಗ. ಗಂಡುಸಂತಾನವಿಲ್ಲದೆ ತೀರಿಕೊಂಡ ಸಹೋದರನ ಹೆಂಡತಿಗೆ, ಗಂಡ ಬದುಕಿದ್ದರೆ ಅವನಿಗೆ ಬರುತ್ತಿದ್ದುದರ ಅರ್ಧ. ಮೂವರು ಅಣ್ಣತಮ್ಮಂದಿರು, ತಾಯಿ, ಒಬ್ಬ ತಂಗಿ, 40×60ರ ಒಂದು ಸೈಟು ಎಂದಿಟ್ಟುಕೊಳ್ಳಿ. ಗಂಡುಮಕ್ಕಳಿಗೆ ತಲಾ 4 ಅಂಶ ಹಾಕಿ, ತಾಯಿಗೆ 2, ತಂಗಿಗೆ 1. ಒಟ್ಟು 15. 2,400 ಚದರಡಿಯಲ್ಲಿ ಗಂಡುಮಕ್ಕಳಿಗೆ 640ರಂತೆ, ತಾಯಿಗೆ 320, ತಂಗಿಗೆ 160.

ತಪ್ಪಾಗುವುದು ಇಲ್ಲೇ. ಮೊದಲು ಆಸ್ತಿಯನ್ನು ಮೂರು ಮಾಡಿ, ಆಮೇಲೆ ಮೂರನೇ ಒಂದರ ಅರ್ಧ ಎಂದು ತಾಯಿಗೆ 1/6, ತಂಗಿಗೆ 1/12 ಬರೆದರೆ ಕೂಡಿದಾಗ ಒಂದೂಕಾಲು ಆಗುತ್ತದೆ. ಇಲ್ಲದ 600 ಚದರಡಿಯನ್ನು ಹಂಚಿದಂತೆ! ಹೆಂಗಸರ ಭಾಗವನ್ನೂ ಸೇರಿಸಿಯೇ ಛೇದ ಹಿಡಿಯಬೇಕು.

ತಂಗಿಯ ಕಾಲುಭಾಗಕ್ಕೂ ಒಂದು ಕೊಕ್ಕೆ ಇತ್ತು: ಮದುವೆಯ ಖರ್ಚು, ‘ಸಮಂಜಸವಾದ’ ವರದಕ್ಷಿಣೆ ಎಲ್ಲ ಅದರೊಳಗೇ. ಮದುವೆಯಾಗಿ ಹೋದ ಮಗಳಿಗೆ ಏನೂ ಇಲ್ಲ. ಅದಕ್ಕಿಂತ ಹೆಚ್ಚಾಗಿ ಚುಚ್ಚುವುದು ತಂದೆ–ಮಕ್ಕಳು ಪಾಲಾಗುವ ಸಂದರ್ಭ. ಅಲ್ಲಿ ಆ ತಂದೆಯ ತಾಯಿಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ, ಗಂಡುಸಂತಾನವಿಲ್ಲದ ವಿಧವೆ ಸೊಸೆಯರಿಗೆ ಪಾಲುಂಟು. ಅವನ ಹೆಂಡತಿಯ ಹೆಸರೇ ಪಟ್ಟಿಯಲ್ಲಿಲ್ಲ. ಮುತ್ತೈದೆಯಾಗಿರುವಷ್ಟು ದಿನ ಮನೆಯ ಆಸ್ತಿಯಲ್ಲಿ ಅವಳಿಗೆ ಭಾಗವಿಲ್ಲ ಎಂದಂತಾಯಿತು. ವಿವಾಹಿತ ಸ್ತ್ರೀಯ ಹಕ್ಕು ಎಂಬ ಮಾತಿಗೆ ಈ ಕಾಯಿದೆಯಲ್ಲಿ ನಿಜವಾದ ಬಲ ಸಿಕ್ಕಿದ್ದು 8ರಲ್ಲಲ್ಲ, 10 ಮತ್ತು 11ನೇ ಕಲಮುಗಳಲ್ಲಿ. ಉಡುಗೊರೆ, ಸ್ವಂತ ದುಡಿಮೆ, ದುಡ್ಡು ಕೊಟ್ಟು ಕೊಂಡದ್ದು ಎಲ್ಲ ಸ್ತ್ರೀಧನ. ಅದನ್ನು ಮಾರಲು, ವಿಲ್ ಬರೆಯಲು ಅವಳಿಗೆ ಪೂರ್ಣ ಅಧಿಕಾರ. ಗಂಡನ ಒಪ್ಪಿಗೆ ಬೇಕಿಲ್ಲ.

ಗಂಡನಿಂದ ಬಂದ ವಾರಸು ಆಸ್ತಿಯ ವಿಷಯದಲ್ಲಿ ಮಾತ್ರ ಕಣ್ಣು ನೆಟ್ಟು ಓದಬೇಕು. ಅದೂ ಸ್ತ್ರೀಧನವೇ, ಆದರೆ ಗಂಡನ ಮಗಳಾಗಲಿ ಮಗಳ ಮಗನಾಗಲಿ ಆಗ ಬದುಕಿದ್ದರೆ ಅಲ್ಲ. ಬದುಕಿದ್ದರೆ ವಿಧವೆಗೆ ಸೀಮಿತ ಹಕ್ಕು ಅಷ್ಟೇ, ಅಂದರೆ ತಾನು ಇರುವತನಕ ಅನುಭವಿಸಬಹುದು, ಮನಬಂದಂತೆ ಮಾರುವಂತಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೇ ಕಲಮು ಅಂಥ ಸೀಮಿತ ಹಕ್ಕನ್ನು ಪೂರ್ಣ ಮಾಡಿತು, ನಿಜ. ಆದರೆ ಆ ವರ್ಷದ ಜೂನ್ 17ಕ್ಕೆ ಆಸ್ತಿ ಅವಳ ಸ್ವಾಧೀನದಲ್ಲಿದ್ದರೆ ಮಾತ್ರ. 1948ರಲ್ಲೇ ಮಾರಿದ್ದರೆ ಕೊಂಡವನಿಗೆ ಅದರಿಂದ ಲಾಭವಿಲ್ಲ. ವಿಧವೆ ಸತ್ತ ಮೇಲೆ ಮುಂದಿನ ವಾರಸುದಾರರು 12 ವರ್ಷದೊಳಗೆ ದಾವೆ ಹಾಕಬಹುದಿತ್ತು. ಮಾರಾಟ ಕುಟುಂಬದ ಅವಶ್ಯಕತೆಗೆ ಆಗಿತ್ತೆಂದು ರುಜುವಾತಾದರೆ ಮಾತ್ರ ಕ್ರಯ ನಿಲ್ಲುತ್ತಿತ್ತು. ಆ ಕಾಲದ ಕ್ರಯಪತ್ರಗಳಲ್ಲಿ ಸಾಲ, ಮಗಳ ಮದುವೆ, ಗಂಡನ ಉತ್ತರಕ್ರಿಯೆ ಎಂದೆಲ್ಲ ಉದ್ದುದ್ದ ಬರೆಯುತ್ತಿದ್ದುದು ಇದಕ್ಕೇ.

ಇನ್ನೊಂದು: ಬೆಂಗಳೂರಿನ ಕಂಟೋನ್ಮೆಂಟ್ 1947ರ ಜುಲೈವರೆಗೆ ಬ್ರಿಟಿಷ್ ಆಡಳಿತದಲ್ಲಿತ್ತು. ಮೈಸೂರಿನ ಕಾಯಿದೆ ಅಲ್ಲಿಗೆ ತಾನಾಗಿ ಅನ್ವಯಿಸುತ್ತಿರಲಿಲ್ಲ. ಹಲಸೂರಿನ ಪತ್ರಕ್ಕೆ ಚಿಕ್ಕಪೇಟೆಯ ಲೆಕ್ಕ ಹಾಕಬೇಡಿ.

ಈ ಕಾಲದ ಪತ್ರಕ್ಕೆ ವಂಶವೃಕ್ಷ ತರಿಸುವಾಗ ಈಗ ಇರುವವರ ಪಟ್ಟಿ ಸಾಲದು. ಗಂಡ ತೀರಿಕೊಂಡ ತಾರೀಖು, ಆ ದಿನ ಬದುಕಿದ್ದ ಹೆಣ್ಣುಮಕ್ಕಳು, ಅವರ ಗಂಡುಮಕ್ಕಳು, ವಿಧವೆ ಸತ್ತ ತಾರೀಖು ಇಷ್ಟೂ ಅದರಲ್ಲಿರಬೇಕು. ಮದುವೆಯಾಗಿ ಹೋದವಳೆಂದು ಮಗಳ ಹೆಸರು ಬಿಟ್ಟಿರುವ ವಂಶವೃಕ್ಷ ತಂದುಕೊಟ್ಟರೆ ವಾಪಸು ಕಳಿಸಿ.