ಖಗ್ರಾಸ ಗ್ರಹಣ ನೋಡಲು ಹೊರಟರೆ

ಚಂದ್ರ ಸೂರ್ಯನನ್ನು ಶೇಕಡಾ 99ರಷ್ಟು ಮುಚ್ಚಿದರೆ ಸಾಲದೇ, ಇನ್ನೊಂದು ಪಾಲಿಗಾಗಿ ಅಷ್ಟು ದೂರ ಹೋಗಬೇಕೇ ಎಂದು ಕೇಳುವವರು ಬಹಳ. ಸೂರ್ಯನ ಬೆಳಕು ಹುಣ್ಣಿಮೆ ಚಂದ್ರನ ಬೆಳಕಿಗಿಂತ ಸುಮಾರು 4 ಲಕ್ಷ ಪಟ್ಟು ಹೆಚ್ಚು. ಅದರಲ್ಲಿ ನೂರರಲ್ಲೊಂದು ಪಾಲು ಉಳಿದರೂ ಸಾವಿರಾರು ಹುಣ್ಣಿಮೆಗಳ ಬೆಳಕಾಯಿತು. ಸೂರ್ಯನ ಸುತ್ತಲ ತೆಳುವಾದ ಹೊರ ವಾತಾವರಣವಾದ ಕರೋನಾದ ಒಟ್ಟು ಬೆಳಕೋ, ಹೆಚ್ಚುಕಡಿಮೆ ಒಂದೇ ಹುಣ್ಣಿಮೆಯಷ್ಟು. 99ರಲ್ಲಿ ಹಗಲು ಮಂಕಾಗುತ್ತದೆ, ಅಷ್ಟೆ, ಕರೋನಾ ಕಾಣುವುದಿಲ್ಲ. ಹೋಗುವುದಾದರೆ ಚಂದ್ರನ ಪೂರ್ಣನೆರಳು ನೆಲದ ಮೇಲೆ ಹಾದುಹೋಗುವ ಪಥದ ಒಳಗೇ ಹೋಗಬೇಕು.

ಹಾಗೆಂದು ಪಥದ ನಡುಗೆರೆಯ ಮೇಲೇ ನಿಲ್ಲಬೇಕೆಂದು ಹಟ ಹಿಡಿಯಬೇಕಿಲ್ಲ. ನೆರಳು ಸರಿಸುಮಾರು ದುಂಡಗಿರುವುದರಿಂದ, ನಡುಗೆರೆಯಿಂದ ಅಂಚಿನ ಕಡೆ ಅರ್ಧ ದೂರ ಸರಿದರೂ ಕಳೆದುಕೊಳ್ಳುವುದು ಪೂರ್ಣತೆಯ, ಅಂದರೆ ಸೂರ್ಯ ಪೂರ್ತಿ ಮರೆಯಾಗಿರುವ, ಸಮಯದಲ್ಲಿ ಶೇಕಡಾ 13ರಷ್ಟು ಮಾತ್ರ. ಮುಕ್ಕಾಲು ದೂರಕ್ಕೆ ಮೂರನೇ ಒಂದು ಪಾಲು ಹೋಗುತ್ತದೆ, ಹತ್ತರಲ್ಲಿ ಒಂಬತ್ತು ಪಾಲು ಸರಿದರೆ ಅರ್ಧಕ್ಕಿಂತ ಹೆಚ್ಚು. ನಡುಗೆರೆಯ ಆಚೀಚೆ ಇರುವ ಈ ಅವಕಾಶವನ್ನು ಮೋಡದಿಂದ ತಪ್ಪಿಸಿಕೊಳ್ಳಲು ಬಳಸಿಕೊಳ್ಳಿ.

ನನ್ನನ್ನು ಕೇಳಿದರೆ ಜಾಗ ಆರಿಸುವಾಗ ಮೊದಲು ನೋಡಬೇಕಾದ್ದು ಆಕಾಶ, ಆಮೇಲೆ ಅವಧಿ. 2009ರ ಜುಲೈ 22ರ ಗ್ರಹಣ ಈ ಶತಮಾನದಲ್ಲೇ ಅತಿ ದೀರ್ಘವಾದದ್ದು, ಗರಿಷ್ಠ 6 ನಿಮಿಷ 39 ಸೆಕೆಂಡ್. ಆದರೆ ಅದು ಬಂದದ್ದು ಮಳೆಗಾಲದಲ್ಲಿ. ಬಿಹಾರದ ತಾರೇಗನಾದಲ್ಲಿ ಸೇರಿದ್ದ ಸಾವಿರಾರು ಜನಕ್ಕೆ ಮೋಡ ಅಡ್ಡಬಂತು, ಶಾಂಘೈಯಲ್ಲಿ ಮಳೆಯೇ ಸುರಿಯಿತು. ಅದೇ ಪಥದ ಮೇಲಿದ್ದ ವಾರಣಾಸಿಯಲ್ಲಿ ಗ್ರಹಣ ಕಂಡಿತು. ನಿರಭ್ರ ಆಕಾಶದ ಎರಡು ನಿಮಿಷ ಮೋಡದಡಿಯ ಆರು ನಿಮಿಷಕ್ಕಿಂತ ಎಷ್ಟೋ ಮೇಲು. ಗ್ರಹಣ ಬರುವ ತಿಂಗಳ ಹಲವು ವರ್ಷಗಳ ಮೋಡದ ಸರಾಸರಿ ನೋಡಿ ಪ್ರದೇಶ ಆರಿಸಿ. ಕೊನೆಯ ಎರಡು ದಿನ ಉಪಗ್ರಹ ಚಿತ್ರ ನೋಡಿ ನಿಖರ ಜಾಗ ತೀರ್ಮಾನಿಸಿ. ಅದಕ್ಕೆ ಕೈಯಲ್ಲಿ ವಾಹನವಿರಬೇಕು, ತುಂಬಿದ ಟ್ಯಾಂಕ್ ಇರಬೇಕು, ಎರಡು ದಿಕ್ಕಿಗೆ ರಸ್ತೆಯಿರುವ ಊರಲ್ಲಿ ತಂಗಬೇಕು. ಗ್ರಹಣದ ದಿನ ಬೆಳಿಗ್ಗೆ ಸರಿಯಾದ ಜಾಗದಲ್ಲಿದ್ದರೆ ಮತ್ತೆ ಅಲ್ಲಾಡಬೇಡಿ. ಕೊನೆಯ ಗಂಟೆಯಲ್ಲಿ ಮೋಡದ ಬಿರುಕು ಹುಡುಕಿ ಓಡಿದವರಲ್ಲಿ ಅನೇಕರು ಗ್ರಹಣವನ್ನು ಟ್ರಾಫಿಕ್ಕಿನಲ್ಲೇ ಕಳೆಯುತ್ತಾರೆ.

ಹೆಚ್ಚಿನವರು ಮರೆಯುವ ಸಂಗತಿ ಸೂರ್ಯನ ಎತ್ತರ. ಎರಡು ಗ್ರಹಣಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2026ರ ಆಗಸ್ಟ್ 12ರದು ಸ್ಪೇನ್‌ನಲ್ಲಿ ಸಂಜೆಯ ಗ್ರಹಣ: ಲಿಯಾನ್ ಕಡೆ ಸೂರ್ಯ ದಿಗಂತದಿಂದ ಸುಮಾರು 10 ಡಿಗ್ರಿ ಮೇಲೆ, ಮಯೋರ್ಕಾ ದ್ವೀಪದಲ್ಲಿ ಎರಡು ಮೂರು ಡಿಗ್ರಿ ಅಷ್ಟೆ. ಕೈ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲವೇ ಹತ್ತು ಡಿಗ್ರಿ. 60 ಮೀಟರ್ ದೂರದಲ್ಲಿರುವ 12 ಮೀಟರ್ ಎತ್ತರದ ಕಟ್ಟಡ ಇಡೀ ಗ್ರಹಣವನ್ನು ನುಂಗಿಬಿಡಬಲ್ಲದು. ಇಂಥ ಕಡೆ ಹಿಂದಿನ ದಿನ ಅದೇ ಹೊತ್ತಿಗೆ ಅದೇ ಜಾಗದಲ್ಲಿ ನಿಂತು ನೋಡುವುದೇ ಸರಿ. ಒಂದು ದಿನದಲ್ಲಿ ಸೂರ್ಯನ ಸ್ಥಾನ ಅರ್ಧ ಡಿಗ್ರಿಯೂ ಬದಲಾಗುವುದಿಲ್ಲ. ಇನ್ನೊಂದು ತೊಂದರೆಯೂ ಉಂಟು. ತಗ್ಗಿನಲ್ಲಿರುವ ಸೂರ್ಯನತ್ತ ಓರೆಯಾಗಿ ನೋಡುವಾಗ ಬಿಡಿಬಿಡಿಯಾದ ಮೋಡಗಳೂ ಒಂದರ ಹಿಂದೊಂದು ಸೇರಿ ಗೋಡೆಯಂತಾಗುತ್ತವೆ.

2027ರ ಆಗಸ್ಟ್ 2ರದು ಇದರ ತದ್ವಿರುದ್ಧ. ಈಜಿಪ್ಟಿನ ಲಕ್ಸರ್‌ನಲ್ಲಿ ಪೂರ್ಣತೆ 6 ನಿಮಿಷ ದಾಟುತ್ತದೆ, ಆಗಸ್ಟಿನಲ್ಲಿ ಅಲ್ಲಿ ಮೋಡ ಕಾಣುವುದೇ ಅಪರೂಪ. ಆದರೆ ಸೂರ್ಯ 82 ಡಿಗ್ರಿ ಎತ್ತರದಲ್ಲಿ, ಅಂದರೆ ನೆತ್ತಿಯ ಮೇಲೆ. ನಿಂತು ನೋಡಿದರೆ ಕತ್ತು ಸೋಲುತ್ತದೆ, ಚಾಪೆ ಹಾಸಿ ಮಲಗಬೇಕು. ಸಾಮಾನ್ಯ ಟ್ರೈಪಾಡ್ ತಲೆ ಅಷ್ಟು ಮೇಲಕ್ಕೆ ಬಾಗುವಾಗ ಕ್ಯಾಮೆರಾದ ಹಿಂಭಾಗ ಕಾಲಿಗೆ ತಗಲುತ್ತದೆ. ಮನೆಯಲ್ಲೇ ಒಮ್ಮೆ ಎತ್ತಿ ಪರೀಕ್ಷಿಸಿ, ತಿರುಗುವ ಪರದೆಯಿರುವ ಕ್ಯಾಮೆರಾ ಒಯ್ಯಿರಿ. ಆ ಬಿಸಿಲಿನಲ್ಲಿ ಗಂಟೆಗಟ್ಟಲೆ ಕಾಯಬೇಕಾದ್ದರಿಂದ ನೆರಳು, ನೀರು ಎರಡನ್ನೂ ಮೊದಲೇ ಹೊಂದಿಸಿಕೊಳ್ಳಬೇಕು.

ಗ್ರಹಣ ನೋಡುವ ಕನ್ನಡಕ ಐಎಸ್‌ಒ 12312-2 ಎಂಬ ಸುರಕ್ಷತಾ ಮಾನಕದ್ದಿರಲಿ. ಹಾಕಿಕೊಂಡಾಗ ಸೂರ್ಯನ ಹೊರತು ಕೋಣೆಯ ಮಾಮೂಲಿ ದೀಪಗಳು ಕಾಣಬಾರದು. ಗೀರು, ತೂತು ಇದ್ದರೆ ಎಸೆಯಿರಿ. ಎಕ್ಸ್‌ರೇ ಫಿಲ್ಮು, ಮಸಿ ಹಿಡಿದ ಗಾಜು ಬೇಡವೇ ಬೇಡ. ಈ ಕನ್ನಡಕ ಹಾಕಿಕೊಂಡು ಬೈನಾಕ್ಯುಲರ್ ಹಿಡಿಯುವುದು ಬರಿಗಣ್ಣಿಗಿಂತಲೂ ಅಪಾಯ, ಏಕೆಂದರೆ ಮಸೂರ ಒಟ್ಟುಗೂಡಿಸಿದ ಬಿಸಿಗೆ ಕನ್ನಡಕದ ಹಾಳೆ ಸುಟ್ಟುಹೋಗುತ್ತದೆ. ಸೂರ್ಯನ ಬೆಳಕು ತಡೆಯುವ ಫಿಲ್ಟರ್ ಇರಬೇಕಾದ್ದು ಯಾವಾಗಲೂ ಮಸೂರದ ಮುಂದೆ.

ಫೋಟೋ ತೆಗೆಯುವವರು ತಿರುಗಿಸಿ ಕೂರಿಸುವ ಫಿಲ್ಟರ್ ಬಿಟ್ಟು ಮೇಲೆ ತೊಡಿಸುವಂಥದ್ದನ್ನೇ ಆರಿಸಿ. ತಿರುಪು ಬಿಸಿಲಿಗೆ ಬಿಗಿದುಕೊಂಡರೆ ಬಿಚ್ಚುವ ಗಡಿಬಿಡಿಯಲ್ಲಿ ಫೋಕಸ್ ಕದಲುತ್ತದೆ. ಆಟೋಫೋಕಸ್ ನಿಲ್ಲಿಸಿ, ಸೂರ್ಯನ ಅಂಚಿಗೆ ಅಥವಾ ಕಲೆಗೆ ಫೋಕಸ್ ಮಾಡಿ, ಫೋಕಸ್ ಉಂಗುರಕ್ಕೆ ಟೇಪ್ ಅಂಟಿಸಿ. ಮಸೂರದ ನಾಭಿದೂರವನ್ನು 109ರಿಂದ ಭಾಗಿಸಿದರೆ ಕ್ಯಾಮೆರಾದೊಳಗೆ ಮೂಡುವ ಸೂರ್ಯಬಿಂಬದ ಗಾತ್ರ ಸಿಗುತ್ತದೆ, 500 ಮಿ.ಮೀ.ಗೆ ಸುಮಾರು 4.6 ಮಿ.ಮೀ. ಪೂರ್ಣತೆಗೆ ಇಪ್ಪತ್ತು ಸೆಕೆಂಡ್ ಮೊದಲು ಫಿಲ್ಟರ್ ತೆಗೆಯಿರಿ, ಆದರೆ ವ್ಯೂಫೈಂಡರಿಗೆ ಕಣ್ಣಿಡದೆ ಪರದೆಯನ್ನಷ್ಟೇ ನೋಡಿ. ಕ್ಯಾಮೆರಾದ ಸೂಕ್ಷ್ಮತೆ ಐಎಸ್‌ಒ 100, ದ್ಯುತಿರಂಧ್ರ ಎಫ್/8 ಇಟ್ಟು, ವಜ್ರದುಂಗುರಕ್ಕೆ (ಪೂರ್ಣತೆಯ ಮೊದಲು ಮತ್ತು ಕೊನೆಯಲ್ಲಿ ಅಂಚಿನಲ್ಲಿ ಹೊಳೆಯುವ ಬೆಳಕಿನ ಬಿಂದು) ಷಟರನ್ನು 1/2000 ಸೆಕೆಂಡಿನಿಂದ ಶುರುಮಾಡಿ, ಕರೋನಾಕ್ಕೆ 1/1000ದಿಂದ ಒಂದು ಸೆಕೆಂಡಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿರಿ. ಕರೋನಾದ ಒಳಭಾಗ ಹೊರಭಾಗಕ್ಕಿಂತ ಬಹಳ ಪ್ರಖರ, ಒಂದೇ ಎಕ್ಸ್‌ಪೋಷರಿನಲ್ಲಿ ಎರಡೂ ಸಿಗುವುದಿಲ್ಲ. ಮೊದಲ ಸಲ ಹೋಗುವವರು ಕ್ಯಾಮೆರಾ ಒಯ್ಯದಿದ್ದರೆ ಏನೂ ನಷ್ಟವಿಲ್ಲ. ಮೊಬೈಲನ್ನು ಅಗಲದ ನೋಟಕ್ಕಿಟ್ಟು, ವಿಡಿಯೊ ಓಡಲು ಬಿಟ್ಟರೆ ಕತ್ತಲಿಳಿಯುವುದೂ ಜನರ ಉದ್ಗಾರವೂ ದಾಖಲಾಗುತ್ತವೆ.

ಸ್ಪರ್ಶದಿಂದ ಪೂರ್ಣತೆಗೆ ಸಾಮಾನ್ಯವಾಗಿ ಒಂದು ಗಂಟೆಯ ಆಸುಪಾಸು ಹಿಡಿಯುತ್ತದೆ. ನೋಡಬೇಕಾದ್ದೆಲ್ಲ ಕೊನೆಯ ಹತ್ತು ನಿಮಿಷದಲ್ಲಿದೆ. ನೆರಳುಗಳ ಅಂಚು ಹರಿತವಾಗುತ್ತದೆ, ತಂಪು ಗಾಳಿ ಬೀಸಬಹುದು. ಒಂದೆರಡು ನಿಮಿಷ ಮುಂಚೆ ನೆಲಕ್ಕೆ ಬಿಳಿ ಬಟ್ಟೆ ಹಾಸಿದ್ದರೆ, ಅದೃಷ್ಟವಿದ್ದರೆ, ಅದರ ಮೇಲೆ ನೆರಳಿನ ಪಟ್ಟೆಗಳು ಹರಿದಾಡುತ್ತವೆ. ಕನ್ನಡಕದಲ್ಲಿ ಏನೂ ಕಾಣದಾದಾಗ ಅದನ್ನು ತೆಗೆಯಿರಿ. ತೆಗೆಯಲು ಹೆದರಿ ಪೂರ್ಣತೆಯನ್ನೇ ನೋಡದೆ ಬರುವವರಿದ್ದಾರೆ. ಆಗ ಫಿಲ್ಟರಿಲ್ಲದ ಬೈನಾಕ್ಯುಲರಿನಲ್ಲಿ ಚಂದ್ರನ ಅಂಚಿನ ಗುಲಾಬಿ ಜ್ವಾಲೆಗಳನ್ನು ನೋಡಿ, ಒಮ್ಮೆ ಸುತ್ತಲೂ ತಿರುಗಿ ಎಲ್ಲ ದಿಕ್ಕಿನ ದಿಗಂತದಲ್ಲೂ ಹರಡಿರುವ ಸಂಜೆಯ ಕೆಂಪನ್ನು ನೋಡಿ. ಮುಗಿಯುವುದಕ್ಕೆ ಹದಿನೈದು ಸೆಕೆಂಡಿರುವಾಗ ಎಚ್ಚರಿಸಲು ಮೊಬೈಲಿನಲ್ಲಿ ಅಲಾರಂ ಇರಲಿ. ಬೈನಾಕ್ಯುಲರ್ ಕೆಳಗಿಡಲು ಅದೇ ಸಂಕೇತ. ಸಮಯದ ಪಟ್ಟಿಗಳು ಸಾಮಾನ್ಯವಾಗಿ ಯುಟಿಸಿಯಲ್ಲಿ, ಅಂದರೆ ಅಂತರರಾಷ್ಟ್ರೀಯ ಪ್ರಮಾಣ ಸಮಯದಲ್ಲಿ, ಇರುತ್ತವೆ. ಆ ದೇಶದ ಬೇಸಿಗೆ ಗಡಿಯಾರದ ಹೆಚ್ಚುವರಿ ಒಂದು ಗಂಟೆ ಸೇರಿಸಲು ಮರೆಯಬೇಡಿ.

ಪೂರ್ಣತೆ ಮುಗಿದ ಕೂಡಲೇ ಎಲ್ಲರೂ ಒಟ್ಟಿಗೆ ಗಾಡಿ ಹೊರಡಿಸುತ್ತಾರೆ, ಮೊಬೈಲ್ ಜಾಲವೂ ಕುಸಿಯಬಹುದು. ಮ್ಯಾಪನ್ನು ಮೊದಲೇ ಇಳಿಸಿಟ್ಟುಕೊಂಡು ಮೋಕ್ಷದವರೆಗೆ ಅಲ್ಲೇ ಕುಳಿತಿರಿ, ವಿಮಾನವನ್ನು ಮಾರನೆಯ ದಿನಕ್ಕೆ ಇಟ್ಟುಕೊಳ್ಳಿ.