ಕತ್ತಿಯ ಜೊತೆ ಬಂದ ಪತ್ರ

ಇವತ್ತು ಅಣ್ಣನಿಗೆ ಕಳಿಸಲು ಉಡುಗೊರೆ ಕಟ್ಟುತ್ತಿದ್ದೆ. ಚೀಟಿಯಲ್ಲಿ ಏನು ಬರೆಯೋದು ಅಂತ ಕೈ ನಿಂತಿತು. ಆಗ ನೆನಪಾಗಿದ್ದು 796ರ ಒಂದು ಪತ್ರ.

ಈಗಿನ ಫ್ರಾನ್ಸ್, ಜರ್ಮನಿಯ ಕಡೆ ಆಳುತ್ತಿದ್ದ ಫ್ರಾಂಕರ ದೊರೆ ಶಾರ್ಲಮೇನ್, ಇಂಗ್ಲೆಂಡಿನ ಮರ್ಸಿಯಾದ ದೊರೆ ಆಫಾಗೆ ಬರೆದದ್ದು. ಅದರಲ್ಲಿ ಆಫಾನನ್ನು ಪ್ರೀತಿಯ ಸಹೋದರ ಅಂತ ಕರೆಯುತ್ತಾನೆ. ಜೊತೆಗೆ ಒಂದು ಸೊಂಟಪಟ್ಟಿ, ಹೂಣರ ಕತ್ತಿ, ಎರಡು ರೇಷ್ಮೆ ಮೇಲುವಸ್ತ್ರ.

ಕೆಲವೇ ವರ್ಷಗಳ ಹಿಂದೆ ಇದೇ ಇಬ್ಬರ ನಡುವೆ ಸಂಬಂಧದ ಮಾತು ಮುರಿದಿತ್ತು. ಶಾರ್ಲಮೇನ್ ತನ್ನ ಮಗನಿಗೆ ಆಫಾನ ಮಗಳನ್ನು ಕೇಳಿದ. ಹಾಗಾದರೆ ನಿಮ್ಮ ಮಗಳು ಬರ್ತಾಳನ್ನು ನನ್ನ ಮಗನಿಗೆ ಕೊಡಿ ಅಂದ ಆಫಾ. ಅಷ್ಟಕ್ಕೇ ಸಿಟ್ಟು ಬಂದು ಶಾರ್ಲಮೇನ್ ಇಂಗ್ಲಿಷ್ ವ್ಯಾಪಾರಿಗಳಿಗೆ ಬಂದರುಗಳನ್ನೇ ಮುಚ್ಚಿಸಿದ್ದ!

ಬೀಗರಂತೂ ಆಗಲಿಲ್ಲ. ಆದರೂ ಆ ಎರಡು ರೇಷ್ಮೆ ಬಟ್ಟೆಗಳನ್ನು ಯಾರೋ ಜೋಪಾನವಾಗಿ ಮಡಚಿರುತ್ತಾರೆ, ಅಲ್ವಾ? ಅದೇ ನನಗೆ ಜಾಸ್ತಿ ಕಾಡುತ್ತದೆ.

ಕೊನೆಗೆ ಚೀಟಿಯಲ್ಲಿ ‘ಪ್ರೀತಿಯ ಅಣ್ಣನಿಗೆ’ ಅಂತಷ್ಟೇ ಬರೆದೆ.